ಪುಟ ಬಿಟ್ಟು ಹೊರಟ ಚಿತ್ರ: ವ್ಯಂಗ್ಯಚಿತ್ರ, ದೇವರು ಮತ್ತು 295ಎ

ಶಿರಸಿಯ ಪತ್ರಿಕೆಯಲ್ಲಿ ಅಚ್ಚಾದ ವ್ಯಂಗ್ಯಚಿತ್ರ ಭಟ್ಕಳದವರ ಕೈಗೆ ಪತ್ರಿಕೆಯ ರೂಪದಲ್ಲಿ ಸಿಗುವುದು ಕಡಿಮೆ. ಸಿಗುವುದು ಫೋನಿನಲ್ಲಿ, ಅದೂ ಚಿತ್ರವೊಂದೇ. ಚಿತ್ರಕ್ಕೆ ಕಾರಣವಾದ ಸುದ್ದಿ, ಅಡಿಯಲ್ಲಿದ್ದ ಎರಡು ಸಾಲು, ಪುಟದ ತಲೆಯ ದಿನಾಂಕ ಎಲ್ಲ ಕತ್ತರಿಸಿ ಹೋಗಿರುತ್ತವೆ. ಮೊದಲು ಕಳಿಸಿದವರು ಮುಂಬೈಯಲ್ಲಿದ್ದಾರೋ ದುಬೈಯಲ್ಲಿದ್ದಾರೋ ನೋಡಿದವರಿಗೆ ತಿಳಿಯದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆಮಾತು ಹವ್ಯಕ ಕನ್ನಡವೂ ಹೌದು, ಕೊಂಕಣಿಯೂ ಹೌದು, ನವಾಯತಿ, ಉರ್ದು, ಮರಾಠಿಯೂ ಹೌದು. ಕನ್ನಡ ಅಕ್ಷರ ಓದಲು ಬಾರದವರಿಗೂ ಚಿತ್ರ ಕಾಣುತ್ತದೆ. ಅದನ್ನು ಯಾಕೆ ಬರೆದರು ಎಂಬುದು ಮಾತ್ರ ಕಾಣುವುದಿಲ್ಲ.

ಇಂಥ ಜಗಳ ಎದ್ದಾಗಲೆಲ್ಲ ಒಂದು ಕಡೆಯವರು ಅಭಿವ್ಯಕ್ತಿ ಸ್ವಾತಂತ್ರ್ಯ ಎನ್ನುತ್ತಾರೆ, ಇನ್ನೊಂದು ಕಡೆಯವರು ಭಾವನೆಗೆ ಧಕ್ಕೆ ಎನ್ನುತ್ತಾರೆ. ಹಳೆಯ ಪ್ರಕರಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಇನ್ನೊಂದು ಸಂಗತಿ ಹೊರಬರುತ್ತದೆ. ಜನ ಕೆರಳಿದ್ದು ಬಹಳ ಸಲ ಮೂಲ ಪುಟ ನೋಡಿ ಅಲ್ಲ. ಅದರ ಕೆಟ್ಟ ಪ್ರತಿ, ತಂತಿ ಸುದ್ದಿ, ಅನುವಾದ, ಇಲ್ಲವೇ ಬೇರೆಯವರು ಟಿಪ್ಪಣಿ ಅಂಟಿಸಿ ಹಂಚಿದ್ದನ್ನು ನೋಡಿ. ಧರ್ಮವನ್ನು ಅವಮಾನಿಸಿ ಭಾವನೆ ಕೆರಳಿಸುವುದನ್ನು ಶಿಕ್ಷಿಸುವ ದಂಡ ಸಂಹಿತೆಯ 295ಎ ಕಲಂ ಕೇಳುವುದು ಬರೆದವರ, ಪ್ರಕಟಿಸಿದವರ ಉದ್ದೇಶವನ್ನು. ಸಂಪಾದಕರು ಸಿಕ್ಕಿಬೀಳುವುದು ಈ ಎರಡರ ನಡುವೆ.

ಕಲ್ಲಚ್ಚಿನಿಂದ ತಂತಿಯವರೆಗೆ

1851ರ ಅಕ್ಟೋಬರ್‌ನಲ್ಲಿ ಮುಂಬೈಯ ‘ಚಿತ್ರ ಜ್ಞಾನ ದರ್ಪಣ’ ಎಂಬ ಗುಜರಾತಿ ಪತ್ರಿಕೆ ಪ್ರವಾದಿ ಮುಹಮ್ಮದರ ಬಗೆಗಿನ ಬರಹವನ್ನು ಚಿತ್ರದ ಜೊತೆ ಪ್ರಕಟಿಸಿತು. ನಡೆಸುತ್ತಿದ್ದವರು ಪಾರ್ಸಿಗಳು. ಅದು ವ್ಯಂಗ್ಯಚಿತ್ರವೇ ಅಲ್ಲ. ಆದರೆ ಕಲ್ಲಚ್ಚಿನಲ್ಲಿ ಮುಖ ಕೆಟ್ಟು, ಒಂದು ಕಣ್ಣು ವಿಕಾರವಾಗಿ ಮೂಡಿತ್ತು. ಕಲ್ಲಚ್ಚಿನಲ್ಲಿ ಜಿಡ್ಡಿನ ಶಾಯಿ ಗೆರೆಗೆ ಮಾತ್ರ ಅಂಟಬೇಕು, ಒದ್ದೆ ಕಲ್ಲು ಉಳಿದ ಕಡೆ ಅದನ್ನು ದೂರ ಇಡಬೇಕು. ಕಲ್ಲಿನ ಪಸೆ ಆರಿದರೆ ಶಾಯಿ ಹರಡಿ ಸೂಕ್ಷ್ಮ ಗೆರೆಗಳು ಮುಚ್ಚಿಹೋಗುತ್ತವೆ. ಮೊದಲು ಕೆಡುವುದು ಕಣ್ಣು, ತುಟಿಯಂಥ ಭಾಗಗಳೇ. ಯಾರೋ ಅದರ ಪ್ರತಿಯನ್ನು ಜುಮ್ಮಾ ಮಸೀದಿಯ ಗೋಡೆಗೆ ಅಂಟಿಸಿದರು. ಪಾರ್ಸಿ–ಮುಸ್ಲಿಂ ಗಲಭೆ ಎದ್ದಿತು. ಪ್ರವಾದಿಯ ಚಿತ್ರ ಬರೆಯುವುದನ್ನೇ ಒಪ್ಪದ ಸಮುದಾಯಕ್ಕೆ ಚಿತ್ರವೂ ಬಂತು, ಅದೂ ಮುಖ ಕೆಟ್ಟು ಬಂತು, ಅದೂ ಮಸೀದಿಯ ಗೋಡೆಯ ಮೇಲೆ. ಪತ್ರಿಕೆ ಮಾಡಿದ್ದೇನು, ಮುದ್ರಣ ಮಾಡಿದ್ದೇನು, ಅಂಟಿಸಿದ ಕೈ ಮಾಡಿದ್ದೇನು ಎಂದು ಬಿಡಿಸಿ ನೋಡುವ ತಾಳ್ಮೆ ಅಂದು ಯಾರಿಗೂ ಇರಲಿಲ್ಲ.

2005ರ ಡೆನ್ಮಾರ್ಕ್ ವ್ಯಂಗ್ಯಚಿತ್ರ ವಿವಾದದ ಪೂರ್ವರೂಪ ಅದಕ್ಕೂ ಎಂಬತ್ತು ವರ್ಷ ಹಿಂದೆ ಲಂಡನ್ನಿನಲ್ಲಿದೆ. 1925ರ ಆಗಸ್ಟ್‌ನಲ್ಲಿ ‘ದಿ ಸ್ಟಾರ್’ ಪತ್ರಿಕೆಯಲ್ಲಿ ಡೇವಿಡ್ ಲೋ ಬರೆದ ಚಿತ್ರದ ವಸ್ತು ಕ್ರಿಕೆಟ್. ಬ್ಯಾಟ್ಸ್‌ಮನ್ ಜಾಕ್ ಹಾಬ್ಸ್ ದೊಡ್ಡ ಪ್ರತಿಮೆಯಾಗಿ ನಿಂತಿದ್ದಾರೆ, ಸುತ್ತ ಸೀಸರ್, ಕೊಲಂಬಸ್, ಚಾಪ್ಲಿನ್ ಮೊದಲಾದವರ ಸಣ್ಣ ಪ್ರತಿಮೆಗಳು. ಅವುಗಳಲ್ಲಿ ಒಂದು ಪ್ರವಾದಿಯದು. ಲೋಗೆ ಅದು ಹಾಬ್ಸ್‌ಗೆ ಸಲ್ಲಿಸಿದ ಮೆಚ್ಚುಗೆ ಮಾತ್ರ. ಲಂಡನ್ನಿನ ಅಹ್ಮದೀಯ ಪಂಥದವರು ಪ್ರತಿಭಟಿಸಿದರು, ಕಲ್ಕತ್ತೆಯಲ್ಲಿ ಆಕ್ರೋಶ ಹಬ್ಬಿದ ವರದಿ ತಂತಿಯಲ್ಲಿ ಲಂಡನ್ನಿಗೆ ಮರಳಿತು. ಕ್ರಿಕೆಟ್ಟಿನ ಸಂದರ್ಭ ಹಡಗು ಹತ್ತಿರಲಿಲ್ಲ.

295ಎ ಬಂದ ದಾರಿ

1860ರ ದಂಡ ಸಂಹಿತೆಯಲ್ಲಿ ಧರ್ಮದ ವಿರುದ್ಧದ ಅಪರಾಧಗಳಿಗೆ ಪ್ರತ್ಯೇಕ ಅಧ್ಯಾಯವೇ ಇತ್ತು. ಅದರ 298ನೇ ಕಲಂ ಆಡಿದ ಮಾತು, ಮಾಡಿದ ಸದ್ದು, ಸನ್ನೆ, ಕಣ್ಣೆದುರು ಇಟ್ಟ ವಸ್ತು ಇಷ್ಟನ್ನು ಹಿಡಿಯುತ್ತಿತ್ತು. ಅಚ್ಚಾದ ಬರಹ ಅದರಲ್ಲಿ ನೇರವಾಗಿ ಬರುತ್ತಿರಲಿಲ್ಲ. 1898ರಲ್ಲಿ ಸೇರಿದ 153ಎ ಕಲಂ ವರ್ಗ ವರ್ಗಗಳ ನಡುವೆ ದ್ವೇಷ ಬಿತ್ತುವುದಕ್ಕೆ ಸಂಬಂಧಿಸಿದ್ದು. ಈ ಎರಡರ ಮಧ್ಯದ ಸಂದು 1924ರಲ್ಲಿ ಲಾಹೋರಿನಲ್ಲಿ ಬಯಲಾಯಿತು. ಪ್ರವಾದಿಯ ಖಾಸಗಿ ಬದುಕನ್ನು ಲೇವಡಿ ಮಾಡಿದ ‘ರಂಗೀಲಾ ರಸೂಲ್’ ಎಂಬ ಕಿರುಹೊತ್ತಗೆಯ ಪ್ರಕಾಶಕ ರಾಜಪಾಲ್ ಅವರಿಗೆ ಕೆಳ ನ್ಯಾಯಾಲಯ 153ಎ ಅಡಿ ಶಿಕ್ಷೆ ಕೊಟ್ಟಿತು. 1927ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಬಿಡುಗಡೆ ಮಾಡಿದರು. ಗತಿಸಿದ ಧರ್ಮಗುರುವಿನ ಮೇಲಿನ ಟೀಕೆ ಎಷ್ಟೇ ಕೀಳಾಗಿರಲಿ, ಆ ಕಲಂ ಅಡಿ ಬರುವುದಿಲ್ಲ ಎಂಬುದು ಅವರ ತೀರ್ಪು. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಅದೇ ವರ್ಷ ಕೇಂದ್ರ ಶಾಸನಸಭೆ 295ಎ ಕಲಮನ್ನು ಸೇರಿಸಿತು. ರಾಜಪಾಲ್ ಅವರ ಜೀವ ಅದರಿಂದ ಉಳಿಯಲಿಲ್ಲ. 1929ರ ಏಪ್ರಿಲ್‌ನಲ್ಲಿ ಅವರ ಕೊಲೆಯಾಯಿತು.

ಆ ಮಸೂದೆಯ ಚರ್ಚೆಯಲ್ಲಿ ಜಿನ್ನಾ ಎತ್ತಿದ ಮಾತು ಇಂದಿಗೂ ಉಪಯುಕ್ತ: ಇತಿಹಾಸ ಬರೆಯುವವರಿಗೆ, ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೆ ರಕ್ಷಣೆ ಇರಲೇಬೇಕು ಎಂದು ಅವರು ಹೇಳಿದ್ದರು. ಕಲಮಿನೊಳಗೆ ‘ಉದ್ದೇಶಪೂರ್ವಕ’ ಮತ್ತು ‘ದುರುದ್ದೇಶ’ ಎಂಬ ಎರಡು ಷರತ್ತುಗಳಿವೆ. ಎರಡೂ ಒಟ್ಟಿಗೆ ಇರಬೇಕು. ಬೇಕೆಂದೇ ಬರೆದ ಚಿತ್ರವಾದರೆ ಸಾಲದು, ಕೆಡುಕು ಮಾಡುವ ಮನಸ್ಸೂ ಕಾಣಬೇಕು. ಮೊದಲು 2 ವರ್ಷವಿದ್ದ ಗರಿಷ್ಠ ಶಿಕ್ಷೆಯನ್ನು 1961ರಲ್ಲಿ 3 ವರ್ಷಕ್ಕೆ ಏರಿಸಿದರು. 2024ರ ಜುಲೈ 1ರಿಂದ ಇದೇ ಕಲಂ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ, ಎಲೆಕ್ಟ್ರಾನಿಕ್ ಮಾಧ್ಯಮದ ಮಾತು ಸೇರಿದೆ. 153ಎ ಈಗ 196, 298 ಈಗ 302. ಠಾಣೆಗಳಲ್ಲಿ ಮಾತ್ರ ಇನ್ನೂ ‘ಟೂ ನೈಂಟಿ ಫೈವ್ ಎ’ ಎಂದೇ ಬಾಯಲ್ಲಿದೆ.

ಸಂವಿಧಾನ ಬಂದ ಮೇಲೆ ಈ ಕಲಂ ಉಳಿಯಬೇಕೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. 19(2)ನೇ ವಿಧಿಯಲ್ಲಿ ಮಾತಿಗೆ ಮಿತಿ ಹಾಕಲು ಅವಕಾಶವಿರುವ ಕಾರಣಗಳ ಪಟ್ಟಿ ಇದೆ. ಅದರಲ್ಲಿ ಧಾರ್ಮಿಕ ಭಾವನೆ ಎಂಬ ಮಾತೇ ಇಲ್ಲ. ಈ ಸಂಗತಿ ನಮ್ಮ ಚರ್ಚೆಗಳಲ್ಲಿ ಎಷ್ಟು ಸಲ ಮರೆಯಾಗುತ್ತದೆಯೆಂದರೆ, ಭಾವನೆಗೆ ಧಕ್ಕೆಯಾಯಿತು ಎಂದೊಡನೆ ಸಂವಿಧಾನವೇ ಬಾಯಿ ಮುಚ್ಚಿಸಲು ಹೇಳಿದಂತೆ ಮಾತಾಡುತ್ತಾರೆ. ಪಟ್ಟಿಯಲ್ಲಿರುವುದು ‘ಸಾರ್ವಜನಿಕ ಸುವ್ಯವಸ್ಥೆ’. ಅದೂ 1951ರ ಮೊದಲ ತಿದ್ದುಪಡಿಯಲ್ಲಿ ಸೇರಿದ್ದು. 1957ರಲ್ಲಿ ರಾಮ್‌ಜೀ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ 295ಎಯನ್ನು ಎತ್ತಿಹಿಡಿದದ್ದು ಈ ಸುವ್ಯವಸ್ಥೆಯ ದಾರಿಯಿಂದಲೇ. ಜೊತೆಗೆ ಒಂದು ಬೇಲಿಯನ್ನೂ ಹಾಕಿತು: ಅಜಾಗರೂಕತೆಯಿಂದ, ತಿಳಿಯದೆ, ದುರುದ್ದೇಶವಿಲ್ಲದೆ ಆದ ಅವಮಾನ ಈ ಕಲಮಿನೊಳಗೆ ಬರುವುದಿಲ್ಲ, ಬರುವುದು ಅದರ ಉಗ್ರ ರೂಪ ಮಾತ್ರ.

ಯಾರ ಕಣ್ಣಿನಿಂದ ಅಳೆಯಬೇಕು? 1946ರಲ್ಲೇ ನಾಗಪುರದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಉತ್ತರಿಸಿದ್ದರು. ದೃಢ ಮನಸ್ಸಿನ, ವಿವೇಕವುಳ್ಳ, ಧೈರ್ಯಸ್ಥ ಮನುಷ್ಯನ ಮೇಲೆ ಆಗುವ ಪರಿಣಾಮವೇ ಅಳತೆ. ಪ್ರತಿ ಟೀಕೆಯಲ್ಲೂ ಅಪಾಯ ಮೂಸುವವರದಲ್ಲ. ಸುಪ್ರೀಂ ಕೋರ್ಟ್ ಆ ಮಾತನ್ನು 1988ರಲ್ಲಿ ಒಪ್ಪಿತು, 2025ರ ಮಾರ್ಚ್‌ನಲ್ಲಿ ಕವಿ, ಸಂಸದ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಮತ್ತೆ ಹೇಳಿತು. ಚಲನಚಿತ್ರವೊಂದರ ಕುರಿತ 1989ರ ರಂಗರಾಜನ್ ತೀರ್ಪು ಇನ್ನೂ ಮುಂದೆ ಹೋಗಿದೆ: ಗಲಾಟೆ ಮಾಡುತ್ತೇವೆಂಬ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ಅಪಾಯವು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರದ್ದಾಗಿರಬೇಕು. ಇಷ್ಟು ಸ್ಪಷ್ಟವಾದ ಕಾನೂನು ಇದ್ದೂ ಸಂಪಾದಕರು ಹೆದರುವುದು ಯಾಕೆ ಎಂಬುದಕ್ಕೆ ಮುಂದೆ ಬರುತ್ತೇವೆ.

ಕರ್ನಾಟಕದ ಗಾಯಗಳು

1986ರ ಡಿಸೆಂಬರ್ 7ರಂದು ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಮಲಯಾಳದಿಂದ ಅನುವಾದವಾದ ಸಣ್ಣಕಥೆಯೊಂದನ್ನು ಪ್ರಕಟಿಸಿತು. ಕಥೆಯ ಮುಹಮ್ಮದ್ ಪ್ರವಾದಿಯಲ್ಲ, ಆ ಹೆಸರಿನ ಸಾಮಾನ್ಯ ಮನುಷ್ಯ. ಆದರೆ ಶೀರ್ಷಿಕೆಯಲ್ಲಿ ಆ ಹೆಸರಿನ ಪಕ್ಕ ಹೀನಾಯದ ವಿಶೇಷಣವಿತ್ತು; ಕಥೆ ಓದದವರಿಗೂ ಶೀರ್ಷಿಕೆ ಮುಟ್ಟಿತು. ಗಲಭೆಯಲ್ಲಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. 2010ರ ಮಾರ್ಚ್ 1ರಂದು ಶಿವಮೊಗ್ಗ, ಹಾಸನಗಳಲ್ಲಿ ಹಿಂಸೆ ನಡೆದದ್ದು ಬುರ್ಖಾದ ಬಗ್ಗೆ ಕನ್ನಡ ದಿನಪತ್ರಿಕೆಯೊಂದರಲ್ಲಿ ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಬಂದ ಲೇಖನಕ್ಕೆ. ಶಿವಮೊಗ್ಗದಲ್ಲಿ ಇಬ್ಬರು ಜೀವ ಕಳೆದುಕೊಂಡರು. ಆ ಪತ್ರಿಕೆಗೆ ತಾನು ಬರೆದೇ ಇಲ್ಲ ಎಂದು ಲೇಖಕಿ ಹೇಳಿದರು. ಹಳೆಯ ಇಂಗ್ಲಿಷ್ ಬರಹವೊಂದು ಅನುವಾದವಾಗಿ ಬಂದಿತ್ತು.

ಇದು ಒಂದೇ ಸಮುದಾಯದ ಸಂಗತಿ ಎಂದುಕೊಂಡರೆ ತಪ್ಪು. ಬಸವಣ್ಣನವರ ಮನೆತನದ ಕುರಿತ ಭಾಗಗಳಿಗಾಗಿ ‘ಧರ್ಮಕಾರಣ’ ಕಾದಂಬರಿಯನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, ಸುಪ್ರೀಂ ಕೋರ್ಟ್ 2007ರಲ್ಲಿ ಅದನ್ನು ಸರಿಯೆಂದಿತು. ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದ ಮಾತೆ ಮಹಾದೇವಿಯವರ ಸಂಪಾದಿತ ಗ್ರಂಥದ ಮೇಲಿನ 1998ರ ಮುಟ್ಟುಗೋಲು 2017ರಲ್ಲಿ ಖಾಯಂ ಆಯಿತು. ಸುಮಾರು ಇಪ್ಪತ್ತು ವರ್ಷದ ವ್ಯಾಜ್ಯ, ಅದೂ ಒಂದೇ ಪರಂಪರೆಯ ಒಳಗೆ.

ನಮ್ಮ ಕರಾವಳಿಗೆ ವ್ಯಂಗ್ಯ ಹೊಸದಲ್ಲ. ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳು ಡಾಂಭಿಕತೆಯನ್ನು ಬಿಟ್ಟಿದ್ದಿಲ್ಲ. ಯಕ್ಷಗಾನದ ಹಾಸ್ಯಗಾರ ದೇವೇಂದ್ರನ ಒಡ್ಡೋಲಗದಲ್ಲೇ ಕೊಂಕು ಮಾತಾಡುತ್ತಾನೆ, ಬೆಳಗಿನವರೆಗೆ ಕೂತವರು ನಗುತ್ತಾರೆ. ಅದೇ ಮಾತಿನ ಅರ್ಧ ನಿಮಿಷದ ತುಣುಕು ಬೇರೆ ತಾಲ್ಲೂಕಿನ ಫೋನಿಗೆ ಹೋದರೆ ಪ್ರಸಂಗವೂ ಇಲ್ಲ, ಪಾತ್ರವೂ ಇಲ್ಲ, ಬರೀ ಬೈಗುಳ ಉಳಿಯುತ್ತದೆ. ಇನ್ನೊಂದು ಕಡೆ, ಇಲ್ಲಿನವರ ಆತಂಕಕ್ಕೂ ಕಾರಣವಿದೆ. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ನಡೆದ ಗಲಭೆಯ ತನಿಖೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗವೇ ಬೇಕಾಯಿತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಯುವಕನೊಬ್ಬನ ಸಾವಿನ ಸುತ್ತ ಹಬ್ಬಿದ ಮಾತುಗಳಿಂದ ಕುಮಟಾ, ಶಿರಸಿಗಳಲ್ಲಿ ಕಲ್ಲು ತೂರಾಟ, ಬೆಂಕಿ ನಡೆಯಿತು. ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಡುವ ಹೊತ್ತಿಗೆ 2022 ಬಂದಿತ್ತು. ವದಂತಿಯ ವೇಗವೆಷ್ಟು, ಸತ್ಯದ ವೇಗವೆಷ್ಟು ಎಂದು ಬಲ್ಲ ಊರುಗಳಿವು. ಅಂಥ ಕಡೆ ಕೂತು ಚಿತ್ರ ಆರಿಸುವ ಸಂಪಾದಕನಿಗೆ ಬೆಂಗಳೂರಿನಿಂದ ಧೈರ್ಯದ ಪಾಠ ಹೇಳುವುದು ಸುಲಭ.

ಡೆನ್ಮಾರ್ಕಿನಿಂದ ಇಂದೋರಿನವರೆಗೆ

ಡೆನ್ಮಾರ್ಕಿನ ‘ಯುಲ್ಲಾಂಡ್ಸ್ ಪೋಸ್ಟನ್’ ಪತ್ರಿಕೆ 2005ರ ಸೆಪ್ಟೆಂಬರ್ 30ರಂದು ಪ್ರವಾದಿಯ ವಿಷಯವಾಗಿ 12 ಚಿತ್ರ ಪ್ರಕಟಿಸಿತು. ಎಲ್ಲವೂ ಒಂದೇ ಥರದ್ದಲ್ಲ. ಪೇಟದಲ್ಲಿ ಬಾಂಬ್ ಇಟ್ಟ ಕುರ್ಟ್ ವೆಸ್ಟರ್‌ಗಾರ್ಡ್ ಚಿತ್ರ ಒಂದು. ಮತ್ತೊಂದರಲ್ಲಿ ಪ್ರವಾದಿಯೇ ಇಲ್ಲ, ಮುಹಮ್ಮದ್ ಹೆಸರಿನ ಶಾಲಾ ಹುಡುಗ ಕರಿಹಲಗೆಯ ಮೇಲೆ ಆ ಪತ್ರಿಕೆಯ ಸಂಪಾದಕರನ್ನೇ ಟೀಕಿಸಿ ಬರೆದಿದ್ದಾನೆ. ತಿಂಗಳುಗಳ ನಂತರ ಡೆನ್ಮಾರ್ಕಿನ ಕೆಲ ಇಮಾಮರು ಮಧ್ಯಪ್ರಾಚ್ಯಕ್ಕೆ ಒಯ್ದ ಕಡತದಲ್ಲಿ ಪತ್ರಿಕೆ ಪ್ರಕಟಿಸದ 3 ಚಿತ್ರಗಳೂ ಇದ್ದವು. ಅವುಗಳಲ್ಲಿ ಒಂದು ಫ್ರಾನ್ಸಿನ ಹಂದಿ ಕೂಗು ಸ್ಪರ್ಧೆಯ ಫೋಟೊ, ಇಸ್ಲಾಮಿಗೆ ಸಂಬಂಧವೇ ಇಲ್ಲದ್ದು. 12 ಚಿತ್ರಗಳಲ್ಲಿ ಕೆಲವು ನಿಜವಾಗಿಯೂ ಚುಚ್ಚಿದವು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಬೀದಿಗಿಳಿದ ಎಷ್ಟೋ ಜನ ಯಾವುದನ್ನು ನೋಡಿ ಇಳಿದರು ಎಂಬುದು ಬೇರೆ ಪ್ರಶ್ನೆ. 2006ರ ಫೆಬ್ರುವರಿಯಲ್ಲಿ ದೆಹಲಿಯ ‘ಸೀನಿಯರ್ ಇಂಡಿಯಾ’ ಪತ್ರಿಕೆಯ ಸಂಪಾದಕ ಆಲೋಕ್ ತೋಮರ್ ಈ ವಿವಾದದ ಸುದ್ದಿಯೊಂದಿಗೆ ಚಿತ್ರ ಹಾಕಿ ಬಂಧನಕ್ಕೊಳಗಾದರು.

2015ರ ಜನವರಿ 7ರಂದು ಪ್ಯಾರಿಸ್ಸಿನ ವ್ಯಂಗ್ಯ ಪತ್ರಿಕೆ ‘ಶಾರ್ಲಿ ಎಬ್ದೊ’ ಮೇಲಿನ ದಾಳಿಯಲ್ಲಿ 12 ಮಂದಿ ಹತರಾದರು. ಅದೇ ತಿಂಗಳು ಮುಂಬೈಯ ಉರ್ದು ಪತ್ರಿಕೆ ‘ಅವಧ್‌ನಾಮಾ’ದ ಸಂಪಾದಕಿ ಶಿರೀನ್ ದಳವಿ ಸುದ್ದಿಯ ಜೊತೆ ಆ ಪತ್ರಿಕೆಯ ಮುಖಪುಟ ಮರುಮುದ್ರಿಸಿದರು. ಕ್ಷಮೆ ಕೇಳಿದರೂ ಹಲವು ಠಾಣೆಗಳಲ್ಲಿ ದೂರು ದಾಖಲಾದವು, ಬಂಧನವಾಯಿತು, ಮುಂಬೈ ಆವೃತ್ತಿಯೇ ಮುಚ್ಚಿತು. ಮರುಮುದ್ರಣದ ಪಾಠ ಇಲ್ಲಿದೆ: ಸುದ್ದಿ ವಿವರಿಸಲು ಹಾಕಿದ ಚಿತ್ರವನ್ನೂ ಜನ ಪತ್ರಿಕೆಯದೇ ಮಾತೆಂದು ಓದುತ್ತಾರೆ.

ದೇವರ ಚಿತ್ರದ ವಿಷಯದಲ್ಲಿ ಲೆಕ್ಕ ಸ್ವಲ್ಪ ಬೇರೆ. ಯಮ, ಚಿತ್ರಗುಪ್ತ, ನಾರದ ಕನ್ನಡ ವ್ಯಂಗ್ಯಚಿತ್ರಗಳ ಖಾಯಂ ಪಾತ್ರಗಳು. ಚೌತಿಯಲ್ಲಿ ಗುಂಡಿ ಬಿದ್ದ ರಸ್ತೆಯ ಗಣಪತಿ ಪ್ರತಿ ವರ್ಷ ಬರುತ್ತಾನೆ, ಯಾರೂ ದೂರು ಕೊಡುವುದಿಲ್ಲ. ಮೂಡಿಸುವುದಕ್ಕೆ ಆಕ್ಷೇಪವಿಲ್ಲ, ಕೈಗೆ ಏನು ಕೊಟ್ಟರು, ಪಕ್ಕದಲ್ಲಿ ಏನು ಇಟ್ಟರು ಎಂಬುದಕ್ಕೆ ಬರುತ್ತದೆ. 2013ರಲ್ಲಿ ‘ಬಿಸಿನೆಸ್ ಟುಡೇ’ ಮುಖಪುಟದಲ್ಲಿ ಎಂ.ಎಸ್. ಧೋನಿ ವಿಷ್ಣುವಿನ ರೂಪದಲ್ಲಿ ಬಂದರು, ಹಲವು ಕೈಗಳಲ್ಲಿ ಅವರು ಜಾಹೀರಾತು ಕೊಡುತ್ತಿದ್ದ ವಸ್ತುಗಳು. ಒಂದು ಕೈಯಲ್ಲಿ ಶೂ. ಬೆಂಗಳೂರಿನಲ್ಲೂ ಆಂಧ್ರದ ಅನಂತಪುರದಲ್ಲೂ ದೂರು ಬಿತ್ತು. ಅನಂತಪುರದ ಪ್ರಕರಣವನ್ನು 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ದುರುದ್ದೇಶ ಕಾಣದಿದ್ದರೆ 295ಎ ನಿಲ್ಲದು ಎಂಬ 1957ರ ಮಾತೇ ಆಧಾರ. ಒಂದು ಮುಖಪುಟಕ್ಕೆ ನಾಲ್ಕು ವರ್ಷದ ಓಡಾಟ, ಅದೂ ದೇಶದ ಅತಿ ಪ್ರಸಿದ್ಧ ಆಟಗಾರನಿಗೆ.

ಇಂದೋರಿನ ವ್ಯಂಗ್ಯಚಿತ್ರಕಾರ ಹೇಮಂತ್ ಮಾಳವೀಯ 2021ರಲ್ಲಿ ಕೋವಿಡ್ ಲಸಿಕೆಯ ಬಗ್ಗೆ ರಾಜಕೀಯ ಚಿತ್ರವೊಂದನ್ನು ಬರೆದಿದ್ದರು. ನಾಲ್ಕು ವರ್ಷ ಅದರ ಸುದ್ದಿಯಿರಲಿಲ್ಲ. 2025ರಲ್ಲಿ ಬೇರೊಬ್ಬರು ಶಿವನ ಉಲ್ಲೇಖವಿದ್ದ ಟಿಪ್ಪಣಿ ಸೇರಿಸಿ ಅದನ್ನು ಹಂಚಿದರು, ಅದನ್ನು ಮಾಳವೀಯ ತಾವೂ ಹಂಚಿಕೊಂಡರು. 299, 196ನೇ ಕಲಂಗಳ ಸಹಿತ ಎಫ್‌ಐಆರ್ ಆಯಿತು. ಹೈಕೋರ್ಟ್ ನಿರೀಕ್ಷಣಾ ಜಾಮೀನು ನಿರಾಕರಿಸಿತು, ಜುಲೈ 15ರಂದು ಸುಪ್ರೀಂ ಕೋರ್ಟ್ ಬಂಧನದಿಂದ ಮಧ್ಯಂತರ ರಕ್ಷಣೆ ಕೊಟ್ಟಿತು. ಚಿತ್ರ ಒಬ್ಬರದು, ಮಾತು ಇನ್ನೊಬ್ಬರದು; ತನ್ನ ಹಳೆಯ ಚಿತ್ರವನ್ನು ಬೇರೆಯವರ ಮಾತಿನೊಂದಿಗೆ ಮರುಹಂಚುವಾಗ ಆ ಮಾತಿನ ಭಾರವನ್ನೂ ಹೊತ್ತಂತೆ ಎಂಬುದನ್ನು ಚಿತ್ರಕಾರರು ಗಮನಿಸಬೇಕು.

ದೂರು ಬಂದರೆ ಇಲ್ಲಿ ಏನಾಗುತ್ತದೆ

299ನೇ ಕಲಂ ಸಂಜ್ಞೇಯ, ಜಾಮೀನುರಹಿತ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು ಎಂಬುದೇ ಭಯದ ಮೂಲ. ಶಿಕ್ಷೆಗಿಂತ ಈ ಪ್ರಕ್ರಿಯೆಯೇ ಸಂಪಾದಕರನ್ನು ಬಳಲಿಸುತ್ತದೆ. ಆದರೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3)ರಲ್ಲಿ ಒಂದು ತಡೆ ಇದೆ: 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿವೈಎಸ್ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಮಾತು, ಬರಹ, ಕಲೆಯ ವಿಷಯದಲ್ಲಿ ಹಾಗೆ ಮಾಡುವುದೇ ಸೂಕ್ತವೆಂದು ಪ್ರತಾಪಗಢಿ ತೀರ್ಪು ಹೇಳಿದೆ. ಠಾಣೆಯಿಂದ ಕರೆ ಬಂದ ಕೂಡಲೇ ವಕೀಲರು ಲಿಖಿತವಾಗಿ ಇದನ್ನು ಕೇಳಬೇಕು. ಎಫ್‌ಐಆರ್ ಆದರೂ 35(3)ರ ಅಡಿ ಹಾಜರಾಗುವ ನೋಟಿಸ್ ಕೊಡುವುದು ಕ್ರಮ. ನೋಟಿಸಿಗೆ ಹಾಜರಾಗದಿದ್ದರೆ ಬಂಧನಕ್ಕೆ ನಾವೇ ಕಾರಣ ಒದಗಿಸಿದಂತೆ.

ನಿರೀಕ್ಷಣಾ ಜಾಮೀನಿಗೆ ಅದೇ ಸುರಕ್ಷಾ ಸಂಹಿತೆಯ 482ರ ಅಡಿ ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟಿನ ಧಾರವಾಡ ಪೀಠ. ಪ್ರಕರಣ ರದ್ದತಿಗೆ 528ರ ಅಡಿ ಧಾರವಾಡವೇ. ದೂರು ಬೇರೆ ರಾಜ್ಯದಲ್ಲಿ ದಾಖಲಾದರೂ ಇಲ್ಲಿನ ಸೆಷನ್ಸ್ ನ್ಯಾಯಾಲಯ ಸೀಮಿತ ಅವಧಿಯ ರಕ್ಷಣೆ ಕೊಡಬಹುದೆಂದು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆನ್‌ಲೈನ್ ಚಿತ್ರಕ್ಕೆ ಇದು ಬಹಳ ಮುಖ್ಯ. ಇನ್ನು ಸುರಕ್ಷಾ ಸಂಹಿತೆಯ 217ನೇ ಕಲಂ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ 299ರ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಪೊಲೀಸರು ತನಿಖೆ ನಡೆಸಬಹುದು, ಆರೋಪಪಟ್ಟಿಯ ಜೊತೆ ಅನುಮತಿ ಪತ್ರ ಇದೆಯೇ ಎಂದು ಮೊದಲು ನೋಡಬೇಕು.

ಜಿಲ್ಲೆಯ ಸಣ್ಣ ಪತ್ರಿಕೆಗಳಲ್ಲಿ ಮಾಲೀಕ, ಮುದ್ರಕ, ಪ್ರಕಾಶಕ, ಸಂಪಾದಕ ಎಷ್ಟೋ ಸಲ ಒಬ್ಬರೇ. ಹಾಗಾಗಿ ಒಂದು ದೂರು ಬಂದರೆ ಇಡೀ ಪತ್ರಿಕೆಯೇ ಠಾಣೆಯಲ್ಲಿ ಕೂತಂತೆ. ಉದ್ದೇಶವೇ ಕೇಂದ್ರ ಪ್ರಶ್ನೆಯಾದ್ದರಿಂದ ಉದ್ದೇಶದ ದಾಖಲೆ ಚಿತ್ರ ಅಚ್ಚಾಗುವ ಮೊದಲೇ ಹುಟ್ಟಿರಬೇಕು. ಯಾವ ಸುದ್ದಿಗೆ ಈ ಚಿತ್ರ, ಗುರಿ ಯಾರು, ಧಾರ್ಮಿಕ ಚಿಹ್ನೆ ಯಾಕೆ ಅನಿವಾರ್ಯ ಎಂದು ಚಿತ್ರಕಾರ–ಸಂಪಾದಕರ ನಡುವೆ ಎರಡು ಸಾಲಿನ ಇಮೇಲ್ ಸಾಕು. ಆ ದಿನದ ಇಡೀ ಪುಟದ ಪಿಡಿಎಫ್ ಉಳಿಸಿಕೊಳ್ಳಬೇಕು, ಚಿತ್ರವೊಂದನ್ನೇ ಅಲ್ಲ. ಸಹಿ, ದಿನಾಂಕ, ಪತ್ರಿಕೆಯ ಹೆಸರು, ಅಡಿಸಾಲು ಇವೆಲ್ಲ ಚೌಕಟ್ಟಿನ ಒಳಗೇ, ಗೆರೆಗಳಿಗೆ ತಾಗಿಕೊಂಡು ಇರಲಿ; ಅಂಚಿನಲ್ಲಿಟ್ಟದ್ದನ್ನು ಕತ್ತರಿಸಲು ಒಂದು ಬೆರಳು ಸಾಕು. ಮಾತು ಬಲೂನಿನೊಳಗೆ ಬಂದರೆ ಚಿತ್ರದ ಜೊತೆಯೇ ಪಯಣಿಸುತ್ತದೆ. ಮಠಾಧೀಶರೊಬ್ಬರ ಅವ್ಯವಹಾರ ವಸ್ತುವಾದರೆ ಆ ವ್ಯಕ್ತಿಯನ್ನು ಬರೆಯಿರಿ, ಆರಾಧ್ಯ ದೈವವನ್ನು ಎಳೆತರಬೇಡಿ: ಇದು ಅಂಜಿಕೆಯಲ್ಲ, ಗುರಿ ನೆಟ್ಟಗಿರುವುದರ ಲಕ್ಷಣ.

ಆಕ್ಷೇಪ ಬಂದಾಗ ಸದ್ದಿಲ್ಲದೆ ಅಳಿಸುವುದು ಅತಿ ಕೆಟ್ಟ ಹೆಜ್ಜೆ. ಅಳಿಸಿದ ಮೇಲೆ ಉಳಿಯುವುದು ಬೇರೆಯವರ ಬಳಿಯ ಕತ್ತರಿಸಿದ ಪ್ರತಿ ಮಾತ್ರ. ಡಿಜಿಟಲ್ ಸುದ್ದಿತಾಣಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ದೂರನ್ನು 24 ಗಂಟೆಯಲ್ಲಿ ಸ್ವೀಕರಿಸಿ 15 ದಿನದಲ್ಲಿ ತೀರ್ಮಾನಿಸುವ ಹೊಣೆಯೂ ಇದೆ. ನೊಂದವರು ಬಂದರೆ ಪೂರ್ತಿ ಪುಟವನ್ನು ಎದುರಿಗಿಟ್ಟು ಮಾತಾಡಬೇಕು. ಅವರ ಭಾಷೆ ಕನ್ನಡವಲ್ಲದಿದ್ದರೆ ಓದಿ ಹೇಳುವವರನ್ನು ಕೂರಿಸಿಕೊಳ್ಳಬೇಕು. ಅವರ ನೋವು ನಾಟಕವೆಂದು ಭಾವಿಸುವವರು ಈ ಕೆಲಸಕ್ಕೆ ತಕ್ಕವರಲ್ಲ. ಆ ನೋವಿಗೆ ಜೈಲೇ ಮದ್ದೆಂದು ನಂಬುವ ವ್ಯವಸ್ಥೆಯನ್ನೂ ನಾವು ಒಪ್ಪಲಾರೆವು. ಪ್ರತಿಲೇಖನಕ್ಕೆ ಅದೇ ಪುಟದಲ್ಲಿ, ಅಷ್ಟೇ ಜಾಗ ಕೊಡಿ.

ಸರ್ಕಾರವೇ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡರೆ ದಾರಿ ಬೇರೆ. ಸುರಕ್ಷಾ ಸಂಹಿತೆಯ 98ನೇ ಕಲಂ ಅಡಿಯ ಅಧಿಸೂಚನೆಯಲ್ಲಿ ಕಾರಣಗಳನ್ನು ಬರೆಯಲೇಬೇಕು. ಕಾರಣವಿಲ್ಲದ ಆದೇಶ ನಿಲ್ಲದೆಂದು 1961ರ ಹರ್ನಾಮ್ ದಾಸ್ ತೀರ್ಪಿದೆ. ಪ್ರಶ್ನಿಸಲು 99ನೇ ಕಲಂ ಪ್ರಕಾರ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ 2 ತಿಂಗಳು ಅವಕಾಶ. ಅರ್ಜಿಯನ್ನು ಕೇಳುವುದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ. ಪತ್ರಿಕೆಯಲ್ಲಿ ಹಿತಾಸಕ್ತಿ ಇರುವ ಯಾರೇ ಆದರೂ ಈ ಅರ್ಜಿ ಹಾಕಬಹುದು, ಚಿತ್ರಕಾರ ಕೂಡ.